ಘಟ್ಟದ ಮೇಲಿನವರು, ಕಡಲ ಬದಿಯವರು ಸೇರಿ ನೀರಿನ ಸಿನಿಮಾ: 'ರೈಸ್' ನೋಡಿದವರು ಸಲಹೆ ಕೊಡಿ

ಅಳಿವೆಬಾಗಿಲು:
ಎಲ್ಲರಿಗೂ ನಮಸ್ಕಾರ. ನಾವು ಕುಂದಾಪುರ ಕಡೆಯ ನಾಲ್ಕಾರು ಹೆಂಗಸರು. ಒಬ್ಬರು ಡ್ರಾಯಿಂಗ್ ಟೀಚರ್, ಒಬ್ಬರು ಹಾಡುತ್ತಾರೆ, ನಾನು ಪದ್ಯ ಬರೆಯುತ್ತೇನೆ. ಹೊಸನಗರ ಕಡೆ ಇಬ್ಬರು ಗೆಳತಿಯರಿದ್ದಾರೆ. ಒಬ್ಬರು ನಾಟಕದವರು, ಇನ್ನೊಬ್ಬರು ಹಸೆ ಚಿತ್ತಾರ ಬರೆಯುವವರು. ಎಲ್ಲ ಸೇರಿ ನೀರು ಮತ್ತು ಹವಾಮಾನ ಬದಲಾವಣೆ ಬಗ್ಗೆ ಹತ್ತು ನಿಮಿಷದೊಳಗಿನ ಸಿನಿಮಾ ಮಾಡೋಣ ಅಂತ ಮಾತಾಡಿಕೊಂಡಿದ್ದೇವೆ.

ಈ ಹುಚ್ಚು ಹತ್ತಿಸಿದ್ದು 2018ರಲ್ಲಿ ಬಂದ 'ರೈಸ್' (Rise, ಅಂದರೆ ಏರು, ಮೇಲೇಳು) ಅನ್ನೋ ಪುಟ್ಟ ಚಿತ್ರ. ಇಬ್ಬರು ಕವಿಗಳು. ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳ ಕ್ಯಾಥಿ ಜೆಟ್ನಿಲ್-ಕಿಜಿನರ್ ಮತ್ತು ಗ್ರೀನ್‌ಲ್ಯಾಂಡಿನ ಅಕಾ ನಿವಿಯಾನಾ. ಒಬ್ಬರ ಊರಿನ ಹಿಮ ಕರಗಿದರೆ ಇನ್ನೊಬ್ಬರ ಊರು ಮುಳುಗುತ್ತದೆ. ಇಬ್ಬರೂ ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ನಿಂತು, ಒಬ್ಬರನ್ನೊಬ್ಬರು ಸೋದರಿ ಅಂತ ಕರೆದುಕೊಂಡು ಪದ್ಯ ಹೇಳುತ್ತಾರೆ. ಕ್ಯಾಥಿ ಚಿಪ್ಪು ತಂದಿರುತ್ತಾರೆ, ಅಕಾ ಕಲ್ಲು. ಅಷ್ಟೇ. ಆರೇಳು ನಿಮಿಷದಲ್ಲಿ ಮುಗಿದುಹೋಗುತ್ತದೆ. ನಾನಂತೂ ಮತ್ತೆ ಮತ್ತೆ ನೋಡಿದೆ.

ನಮ್ಮ ಯೋಚನೆ ಹೀಗಿದೆ. ಘಟ್ಟದ ಮೇಲಿನವಳು ಒಂದು ತಂಬಿಗೆ ಹೊಳೆ ನೀರು ತರುತ್ತಾಳೆ. ಕಡಲ ಬದಿಯವಳು ಉಪ್ಪಾದ ಬಾವಿ ನೀರು ತರುತ್ತಾಳೆ. ಹೊಳೆ ಕಡಲು ಸೇರುವ ಗಂಗೊಳ್ಳಿ ಅಳಿವೆಯಲ್ಲಿ ಇಬ್ಬರೂ ಸಿಗುತ್ತಾರೆ. ಇದು ನಿಲ್ಲುತ್ತಾ? ಅಥವಾ ಮನೆಯವರು ಹೇಳುವ ಹಾಗೆ "ಪದ್ಯ ಯಾರು ಕೇಳ್ತಾರೆ, ಸುಮ್ನೆ ಡಾಕ್ಯುಮೆಂಟರಿ ಮಾಡಿ" ಅನ್ನೋದೇ ಸರಿಯಾ?

ತೆಂಕಲಗಾಳಿ:
ಮನೆಯವರು ಹೇಳಿದ್ದು ಸರಿ ಇದೆ. ಪದ್ಯದಿಂದ ಕಡಲು ಕೊರೆದೊಯ್ದ ಒಂದು ಬುಟ್ಟಿ ಮರಳೂ ವಾಪಸ್ ಬರಲ್ಲ.

ಗೋಳಿಕಟ್ಟೆ:
ಡಾಕ್ಯುಮೆಂಟರಿಯಿಂದ ಎಷ್ಟು ಬುಟ್ಟಿ ಬಂದಿದೆ ಸರ್?

ತೆಂಕಲಗಾಳಿ:
ಅದರಲ್ಲಿ ಮಾಹಿತಿಯಾದರೂ ಇರುತ್ತೆ. ಯಾರು ಮರಳು ತೆಗೆದರು, ಯಾರು ಕಲ್ಲು ಹಾಕಿದರು ಅಂತ ಹೆಸರು ಹಿಡಿದು ಹೇಳಬಹುದು. 'ರೈಸ್' ನಾನೂ ನೋಡಿದ್ದೇನೆ. ಚೆಂದ ಇದೆ, ಇಲ್ಲ ಅನ್ನಲ್ಲ. ಆದರೆ ಚೆಂದ ಇರೋದೇ ಅದರ ತೊಂದರೆ. ನೀಲಿ ಹಿಮ ನೋಡಿ ಆಹಾ ಅಂತಾರೆ, ಮುಂದಿನ ವಿಡಿಯೋಗೆ ಹೋಗ್ತಾರೆ.

ಮುಳುಗಡೆ ಮಗಳು:
ನಾನು ಹೊಸನಗರ ತಾಲೂಕಿನವಳು. ಮೊದಲ ಪೋಸ್ಟ್ ಓದಿ ಖುಷಿಯೂ ಆಯ್ತು, ಸ್ವಲ್ಪ ಸಿಟ್ಟೂ ಬಂತು. ಸಿಟ್ಟು ಯಾಕೆ ಅಂತ ಹೇಳ್ತೀನಿ ಅಕ್ಕ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಕಥೆಯಲ್ಲಿ ಘಟ್ಟದವಳು ಕೊಡುವವಳು, ಕಡಲಿನವಳು ನೋವು ಉಂಡವಳು. ನಮ್ಮ ಹತ್ತಿರ ನೀರು ತುಂಬಿ ತುಳುಕ್ತಾ ಇದೆ, ತಂಬಿಗೆಯಲ್ಲಿ ತಂದುಕೊಟ್ಟು ವಾಪಸ್ ಹೋಗ್ತೀವಿ ಅನ್ನೋ ಹಾಗಿದೆ. ನಮ್ಮ ತಾಲೂಕಿನ ಕಥೆ ಏನು ಗೊತ್ತಾ? 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಊರೂರೇ ಎದ್ದು ಹೋದವು. ಆಮೇಲೆ ಮಾಣಿ ಅಣೆಕಟ್ಟು ಬಂತು, ಚಕ್ರಾ ಬಂತು, ಸಾವೇಹಕ್ಲು ಬಂತು. ನಮ್ಮಜ್ಜಿಗೆ ಊರು ಯಾವುದು ಅಂತ ಕೇಳಿದರೆ ಕೈ ತೋರಿಸೋದು ನೀರಿನ ಕಡೆಗೆ. ಕರೆಂಟು ಬೆಂಗಳೂರಿಗೆ, ಮುಳುಗಡೆ ನಮಗೆ.

'ರೈಸ್' ನನಗೆ ಇಷ್ಟವಾಗಿದ್ದು ಅಲ್ಲಿ ಇಬ್ಬರಿಗೂ ಗಾಯ ಇದೆ ಅನ್ನೋ ಕಾರಣಕ್ಕೆ. ಕ್ಯಾಥಿ ತಂದ ಚಿಪ್ಪು ಸಮುದ್ರದ ದಡದಲ್ಲಿ ಸುಮ್ನೆ ಆರಿಸಿದ್ದಲ್ಲ. ಬಿಕಿನಿ ದ್ವೀಪದ್ದು, ಅಣುಕಸ ಮುಚ್ಚಿಟ್ಟ ರುನಿಟ್ ಗುಮ್ಮಟದ ಹತ್ತಿರದ್ದು ಅಂತ ಪದ್ಯದಲ್ಲೇ ಹೇಳ್ತಾರೆ. ಅಮೆರಿಕ ಅಣುಬಾಂಬ್ ಸಿಡಿಸಿದ ಜಾಗ ಅದು. ಅಕಾ ಕಡೆಯೂ ಅಷ್ಟೇ, ಅವರ ಹಿಮದ ಅಡಿಯಲ್ಲಿ ಅಮೆರಿಕದ ಸೈನ್ಯ ಬಿಟ್ಟುಹೋದ ಕಸ ಇದೆ. ಯಾರೂ ಯಾರಿಗೂ ಉಪಕಾರ ಮಾಡ್ತಾ ಇಲ್ಲ ಅಲ್ಲಿ.

ಗೋಳಿಕಟ್ಟೆ:
ಇದು ಮಾತು!

ಅಳಿವೆಬಾಗಿಲು:
ಬೇಜಾರು ಯಾಕೆ? ಇಂಥದ್ದು ಬರಲಿ ಅಂತಲೇ ಇಲ್ಲಿ ಹಾಕಿದ್ದು. ಹಾಗಾದರೆ ಘಟ್ಟದವಳು ಏನು ತರಬೇಕು ಅಂತೀರಿ?

ಮುಳುಗಡೆ ಮಗಳು:
ಯೋಚನೆ ಮಾಡಿ ಹೇಳ್ತೀನಿ. ತಂಬಿಗೆ ಮಾತ್ರ ಬೇಡ.

ಹಳೇ ಓವರ್ಸಿಯರ್:
ರುನಿಟ್ ವಿಷಯ ಬಂದಿದ್ದಕ್ಕೆ ಒಂದೆರಡು ವಿವರ. 1946ರಿಂದ 1958ರವರೆಗೆ ಅಮೆರಿಕ ಮಾರ್ಷಲ್ ದ್ವೀಪಗಳಲ್ಲಿ 67 ಅಣುಪರೀಕ್ಷೆ ಮಾಡಿತು. 1954ರ ಮಾರ್ಚ್ 1ರಂದು ಬಿಕಿನಿಯಲ್ಲಿ ಸಿಡಿಸಿದ್ದು ಅವರ ಪರೀಕ್ಷೆಗಳಲ್ಲೆಲ್ಲ ದೊಡ್ಡದು. ಎಪ್ಪತ್ತರ ದಶಕದ ಕೊನೆಯಲ್ಲಿ ವಿಷದ ಮಣ್ಣಿನ ಒಂದು ಪಾಲು ಬಾಚಿ, ರುನಿಟ್ ದ್ವೀಪದಲ್ಲಿ ಬಾಂಬ್ ಸಿಡಿಸಿ ಆಗಿದ್ದ ಗುಂಡಿಯೊಳಗೆ ತುಂಬಿ, ಮೇಲೆ ಒಂದೂವರೆ ಅಡಿ ಕಾಂಕ್ರೀಟ್ ಮುಚ್ಚಿದರು. ಗುಂಡಿಯ ತಳಕ್ಕೆ ಏನೂ ಹಾಕಲಿಲ್ಲ. ಸಮುದ್ರದ ನೀರು ಅಡಿಯಿಂದ ಬಂದು ಹೋಗ್ತಾ ಇರುತ್ತೆ. ನಮ್ಮಲ್ಲಿ ಒಂದು ಓವರ್‌ಹೆಡ್ ಟ್ಯಾಂಕಿಗೂ ಅದಕ್ಕಿಂತ ಚೆನ್ನಾಗಿ ಬುಡ ಕಟ್ತೀವಿ.

ಗ್ರೀನ್‌ಲ್ಯಾಂಡಿನಲ್ಲಿ ಇದ್ದದ್ದು ಕ್ಯಾಂಪ್ ಸೆಂಚುರಿ. 1959ರಲ್ಲಿ ಹಿಮದೊಳಗೆ ಸುರಂಗ ಕೊರೆದು ಕಟ್ಟಿದರು, 1967ಕ್ಕೆ ಬಿಟ್ಟು ಹೊರಟರು. ಕಸ ಅಲ್ಲೇ ಇದೆ. ಹಿಮ ಕಾಯುತ್ತೆ ಅಂತ ನಂಬಿದ್ದರು.

ಬಂಗುಡೆ ಬಾಯಿ:
ಎಂತ ಮಾರಾಯ್ರೆ, ಸಿನಿಮಾ ಅಂತ ಬಂದರೆ ಇಲ್ಲಿ ಬಾಂಬು!

ಫಿಸಿಕ್ಸ್ ಮೇಷ್ಟ್ರು:
ಹಿಮ ಕರಗಿದರೆ ಸಮುದ್ರ ಏರುತ್ತೆ ಅಂತ ಸಿನಿಮಾದಲ್ಲಿ ಸುಲಭವಾಗಿ ಹೇಳಿಬಿಡ್ತಾರೆ. ತರಗತಿಯಲ್ಲಿ ಮಕ್ಕಳು ಕೇಳೋ ಪ್ರಶ್ನೆ: ಲೋಟದಲ್ಲಿ ಐಸ್ ಕರಗಿದರೆ ನೀರು ತುಳುಕಲ್ಲ, ಸಮುದ್ರ ಯಾಕೆ ಏರಬೇಕು? ಉತ್ತರ ಸರಳ. ತೇಲುವ ಹಿಮ ಲೆಕ್ಕಕ್ಕಿಲ್ಲ. ಗ್ರೀನ್‌ಲ್ಯಾಂಡಿನದ್ದು ನೆಲದ ಮೇಲೆ ಕೂತಿರೋ ಹಿಮ. ಅದು ಲೋಟದ ಹೊರಗಿಂದ ಸುರಿಯುವ ನೀರು. ಪೂರ್ತಿ ಕರಗಿದರೆ ಸಮುದ್ರ 7 ಮೀಟರಿಗೂ ಜಾಸ್ತಿ ಏರುತ್ತೆ. ಪೂರ್ತಿ ಕರಗೋಕೆ ಶತಮಾನಗಳೇ ಬೇಕು, ಅದು ಬೇರೆ. ಈಗ ವರ್ಷಕ್ಕೆ ಸರಾಸರಿ 27,000 ಕೋಟಿ ಟನ್ ಆಸುಪಾಸು ಹೋಗ್ತಾ ಇದೆ. ಅಂದರೆ ಬರೀ ಅದೊಂದರಿಂದ ವರ್ಷಕ್ಕೆ ಮುಕ್ಕಾಲು ಮಿಲಿಮೀಟರ್.

ಇನ್ನೊಂದು ಮಜಾ ಇದೆ. ಅಷ್ಟು ದೊಡ್ಡ ಹಿಮದ ಗುಡ್ಡೆ ಸುತ್ತಲಿನ ಸಮುದ್ರವನ್ನು ತನ್ನ ಕಡೆಗೆ ಎಳೆದುಕೊಂಡಿರುತ್ತೆ, ಗುರುತ್ವದಿಂದ. ಹಿಮ ಕಡಿಮೆಯಾದರೆ ಎಳೆತವೂ ಕಡಿಮೆ. ಹಾಗಾಗಿ ಗ್ರೀನ್‌ಲ್ಯಾಂಡಿನ ಪಕ್ಕದಲ್ಲಿ ಸಮುದ್ರ ಇಳಿಯುತ್ತೆ, ದೂರದ ಉಷ್ಣವಲಯದಲ್ಲಿ ಸರಾಸರಿಗಿಂತ ಜಾಸ್ತಿ ಏರುತ್ತೆ. ಮಾರ್ಷಲ್ ದ್ವೀಪಗಳ ಸರಾಸರಿ ಎತ್ತರ 2 ಮೀಟರ್ ಮಾತ್ರ. ಅಲ್ಲಿನವರು ಗ್ರೀನ್‌ಲ್ಯಾಂಡಿನವರನ್ನು ಹುಡುಕಿಕೊಂಡು ಹೋಗಿದ್ದು ಕವಿಸಮಯ ಅಲ್ಲ, ಲೆಕ್ಕವೇ ಹಾಗಿದೆ.

ಗೋಳಿಕಟ್ಟೆ:
ಮೇಷ್ಟ್ರೇ, ಇದು ನನಗೆ ಗೊತ್ತೇ ಇರಲಿಲ್ಲ. ಪಕ್ಕದಲ್ಲೇ ಇಳಿಯುತ್ತಾ?

ಫಿಸಿಕ್ಸ್ ಮೇಷ್ಟ್ರು:
ಇಳಿಯುತ್ತೆ. ಜೊತೆಗೆ ಭಾರ ಕಳೆದುಕೊಂಡ ನೆಲ ಮೆಲ್ಲಗೆ ಮೇಲೇಳುತ್ತೆ.

ತೆಂಕಲಗಾಳಿ:
ನೋಡಿ, ಇದನ್ನು ಯಾವ ಪದ್ಯ ಹೇಳುತ್ತೆ? ಮೇಷ್ಟ್ರು ಎರಡು ಪ್ಯಾರಾದಲ್ಲಿ ಹೇಳಿದರು.

ಹಾಡುಹಕ್ಕಿ:
ಪದ್ಯ ನೋಡದೇ ಇದ್ದಿದ್ದರೆ ನೀವು ಮೇಷ್ಟ್ರ ಪ್ಯಾರಾ ಓದುತ್ತಿದ್ದಿರಾ? ಈ ಚರ್ಚೆ ಶುರುವಾಗಿದ್ದೇ ಆ ಪದ್ಯದಿಂದ.

ಗಂಟುಮೂಟೆ:
ಒಂದು ಮಾತು ಯಾರೂ ಎತ್ತಲಿಲ್ಲ. ಅಷ್ಟು ದೂರದಿಂದ ವಿಮಾನ, ಮೇಲೆ ಹೆಲಿಕಾಪ್ಟರ್, ಕ್ಯಾಮೆರಾ ತಂಡ. ಹವಾಮಾನದ ಬಗ್ಗೆ ಬುದ್ಧಿ ಹೇಳೋಕೆ ಇಷ್ಟು ಇಂಧನ ಸುಡಬೇಕಾ? ಮೇಲಾಗಿ ಕ್ಯಾಥಿಯವರ ತಾಯಿ ಹಿಲ್ಡಾ ಹೈನೆ ಆಗ ಆ ದೇಶದ ಅಧ್ಯಕ್ಷೆ. ಪಾಪದ ದ್ವೀಪದ ಹುಡುಗಿ ಅನ್ನೋ ಚಿತ್ರಣ ಸ್ವಲ್ಪ ಜಾಸ್ತಿ ಆಗಲ್ವಾ?

ಹಾಡುಹಕ್ಕಿ:
ಪಾಪದ ಹುಡುಗಿ ಅಂತ ಅವರೆಲ್ಲಿ ಹೇಳಿಕೊಂಡರು? 2014ರಲ್ಲೇ ವಿಶ್ವಸಂಸ್ಥೆಯ ಹವಾಮಾನ ಶೃಂಗಸಭೆಯಲ್ಲಿ ಪುಟ್ಟ ಮಗಳಿಗೆ ಬರೆದ ಪದ್ಯ ಓದಿದವರು. ಆಗ ಅವರ ತಾಯಿ ಅಧ್ಯಕ್ಷೆ ಆಗಿರಲಿಲ್ಲ. ಅಧ್ಯಕ್ಷರಾಗಿದ್ದು 2016ರಲ್ಲಿ. ಅದೂ ಆ ದೇಶದ ಮೊದಲ ಮಹಿಳಾ ಅಧ್ಯಕ್ಷೆ. ಇಡೀ ದೇಶವೇ ನಮ್ಮ ಒಂದು ಹೋಬಳಿಯಷ್ಟು ಜನ. ಅಲ್ಲಿ ಯಾರೋ ಯಾರಿಗೋ ಸಂಬಂಧಿ ಆಗೇ ಇರ್ತಾರೆ.

ವಿಮಾನದ ವಿಷಯ ಬೇಕಿದ್ದರೆ ಮೊದಲು ನಮ್ಮ ಸಿನಿಮಾದವರು ಹಾಡಿಗೆ ಐಸ್‌ಲ್ಯಾಂಡಿಗೆ ಹೋಗೋದನ್ನು ಕೇಳಿ ಮಾರಾಯ್ರೆ.

ಗಂಟುಮೂಟೆ:
ಅವರು ಹವಾಮಾನದ ಭಾಷಣ ಮಾಡಲ್ಲ. ಇವರು ಮಾಡ್ತಾರೆ.

ಡೆನ್ಮಾರ್ಕ್ ದಾವಣಗೆರೆ:
ಕೋಪನ್‌ಹೇಗನ್ನಿನಲ್ಲಿ ಇದ್ದೇನೆ, ಒಂದು ಮಾತು ಸೇರಿಸ್ತೀನಿ. ಇಲ್ಲಿ ಗ್ರೀನ್‌ಲ್ಯಾಂಡಿನವರ ಪರಿಚಯ ಇದೆ. ಅವರಿಗೆ ಬೇಜಾರಾಗೋದು ಒಂದೇ: ಎಲ್ಲರೂ ಹಿಮ ನೋಡೋಕೆ ಬರ್ತಾರೆ, ಜನರನ್ನು ನೋಡಲ್ಲ. 1953ರವರೆಗೆ ಅದು ಡೆನ್ಮಾರ್ಕಿನ ವಸಾಹತು. 1979ರಲ್ಲಿ ಒಳಾಡಳಿತ ಸಿಕ್ಕಿತು, 2009ರಲ್ಲಿ ಇನ್ನಷ್ಟು ಸ್ವಾಯತ್ತತೆ. ಈಗ ಅಮೆರಿಕದ ಕಣ್ಣು ಬೇರೆ. ಇದರ ಮಧ್ಯೆ ಅಲ್ಲಿನ ಹುಡುಗಿಯೊಬ್ಬಳು ತನ್ನ ಹಿಮದ ಮೇಲೆ ನಿಂತು, ದೂರದ ದ್ವೀಪದವಳನ್ನು ಸೋದರಿ ಅಂತ ಕರೆದು ಮಾತಾಡಿದ್ದು ದೊಡ್ಡದು. ವಿಜ್ಞಾನಿಗಳು, ಪತ್ರಕರ್ತರು ಹೆಲಿಕಾಪ್ಟರಿನಲ್ಲಿ ಬಂದು ಹೋಗೋದು ಅಲ್ಲಿ ಹೊಸದಲ್ಲ. ಅತಿಥಿಯನ್ನು ಬರಮಾಡಿಕೊಳ್ಳೋ ಜಾಗದಲ್ಲಿ ಅಲ್ಲಿನವರೇ ನಿಂತಿದ್ದು ಕಡಿಮೆ.

ಅಂದಹಾಗೆ ಆ ತಂಡದ ಜೊತೆ ಜೇಸನ್ ಬಾಕ್ಸ್ ಅನ್ನೋ ಹಿಮವಿಜ್ಞಾನಿಯೂ ಇದ್ದರು. ಅಲ್ಲಿನ ಒಂದು ಹಿಮನದಿಗೆ ಕೆಲವು ವರ್ಷದ ಹಿಂದೆ ಅವರೇ ಹದ್ದಿನ ಹೆಸರಿಟ್ಟಿದ್ದರು, ಮೇಲಿಂದ ನೋಡಿದರೆ ಹಾಗೆ ಕಾಣ್ತಿತ್ತು ಅಂತ. ಇವರು ಹೋಗುವಷ್ಟರಲ್ಲಿ ಹದ್ದಿನ ತಲೆ ಕರಗಿತ್ತು.

ಹಳೇ ಓವರ್ಸಿಯರ್:
ಈಗ ನಮ್ಮ ಕಡಲಿಗೆ ಬರೋಣ. ಅಳಿವೆಬಾಗಿಲು ಮೇಡಂ, ನಿಮ್ಮ ಚಿತ್ರದಲ್ಲಿ ಕಡಲ್ಕೊರೆತವನ್ನೆಲ್ಲ ಹವಾಮಾನ ಬದಲಾವಣೆ ತಲೆಗೆ ಕಟ್ಟಬೇಡಿ. ಅದು ತಪ್ಪಿತಸ್ಥರಿಗೆ ಬಹಳ ಅನುಕೂಲ ಆಗುತ್ತೆ.

ಮರಳು ನಮ್ಮ ತೀರದ ಉದ್ದಕ್ಕೂ ಓಡಾಡ್ತಾ ಇರುತ್ತೆ. ಬಂದರಿಗೆ ಅಂತ ಸಮುದ್ರದೊಳಕ್ಕೆ ಕಲ್ಲಿನ ದಂಡೆ ಚಾಚಿದರೆ ಒಂದು ಬದಿಯಲ್ಲಿ ಮರಳು ಕೂರುತ್ತೆ, ಇನ್ನೊಂದು ಬದಿ ಕೊರೀತದೆ. ಕೊರೆದ ಕಡೆ ತಡೆಗೋಡೆ ಅಂತ ಕಲ್ಲು ಸುರಿದರೆ ಗೋಡೆ ಮುಗಿಯುವ ಜಾಗದಿಂದ ಮುಂದಿನ ಮನೆಗೆ ಪೆಟ್ಟು. ಮುಂದಿನ ವರ್ಷ ಅವರೂ ಕಲ್ಲು ಕೇಳ್ತಾರೆ. ಮೇಲೆ ಹೊಳೆಗೆ ಅಣೆಕಟ್ಟು ಕಟ್ಟಿದ್ದೇವೆ, ಮರಳು ಅಲ್ಲೇ ನಿಲ್ಲುತ್ತೆ. ಉಳಿದದ್ದನ್ನು ಲಾರಿಯಲ್ಲಿ ಸಾಗಿಸ್ತೀವಿ. ಇದರಲ್ಲಿ ಗ್ರೀನ್‌ಲ್ಯಾಂಡಿನ ಪಾತ್ರ ಕಡಿಮೆ.

ಹಾಗಂತ ಹವಾಮಾನದ್ದು ಏನೂ ಇಲ್ಲ ಅಂತಲ್ಲ. 1993ರಿಂದ ಈಚೆಗೆ ಜಗತ್ತಿನ ಸಮುದ್ರ ಸರಾಸರಿ 10 ಸೆಂಟಿಮೀಟರ್ ಏರಿದೆ. ಅರಬ್ಬಿ ಸಮುದ್ರ ಬಿಸಿಯಾಗಿ ಚಂಡಮಾರುತ ಜಾಸ್ತಿ ಆಗ್ತಿವೆ. 2021ರ ಮೇ ತಿಂಗಳ ತೌಕ್ತೆ ನೆನಪಿದೆಯಲ್ಲ? ಮಳೆಗಾಲಕ್ಕೆ ಮುಂಚೆಯೇ ತೀರದ ರಸ್ತೆ, ತೆಂಗಿನ ಮರ ಎಲ್ಲ ಹೋಯಿತು. ನೆಲ ಮೊದಲೇ ದುರ್ಬಲ ಮಾಡಿಟ್ಟಿದ್ದೆವು, ಅಲೆ ಬಂದು ಕೆಲಸ ಮುಗಿಸಿತು.

ತೆಂಕಲಗಾಳಿ:
ಇದನ್ನೇ ನಾನು ಹೇಳಿದ್ದು! ಓವರ್ಸಿಯರ್ ಸರ್ ಅವರನ್ನು ಕೂರಿಸಿ ಕ್ಯಾಮೆರಾ ಇಡಿ, ಸಿನಿಮಾ ಮುಗೀತು.

ಬಂಗುಡೆ ಬಾಯಿ:
ನೋಡೋರೂ ಮುಗೀತಾರೆ.

ಅಳಿವೆಬಾಗಿಲು:
ಹ್ಹ ಹ್ಹ. ಓವರ್ಸಿಯರ್ ಸರ್, ನಿಮ್ಮ ಮಾತು ಬರೆದಿಟ್ಟುಕೊಂಡೆ. ಆದರೆ ನಮ್ಮ ಗುಂಪಿನಲ್ಲಿ ಜಾಸ್ತಿ ಮಾತಾಡೋದು ಕಡಲ್ಕೊರೆತ ಅಲ್ಲ, ಬಾವಿ. ಅಳಿವೆ ಪಕ್ಕದ ಮನೆಗಳಲ್ಲಿ ಶಿವರಾತ್ರಿ ಕಳೆದರೆ ನೀರಿನ ರುಚಿ ಬದಲಾಗುತ್ತೆ. ಮೊದಲು ಗೊತ್ತಾಗೋದು ಬಟ್ಟೆ ಒಗೆಯುವಾಗ, ಸೋಪು ನೊರೆ ಬಿಡಲ್ಲ. ಆಮೇಲೆ ಬೇಳೆ ಬೇಯಲ್ಲ. ಕೊನೆಗೆ ಗಂಜಿಗೆ ಉಪ್ಪು ಹಾಕೋ ಕೆಲಸವೇ ಇರಲ್ಲ. ಉಪ್ಪು ನೀರು ತಡೆಯೋ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕೋದು ತಡವಾದ ವರ್ಷ ಇನ್ನೂ ಬೇಗ. ನೀರು ಉಪ್ಪಾದದ್ದು ಮನೆಯಲ್ಲಿ ಮೊದಲು ಹೆಂಗಸರಿಗೆ ಗೊತ್ತಾಗುತ್ತೆ, ಗಂಡಸರಿಗೆ ಟ್ಯಾಂಕರ್ ಬಂದಾಗ ಗೊತ್ತಾಗುತ್ತೆ.

ಕಿಂಡಿಕಾವಲು:
ಹಲಗೆ ವಿಷಯ ನೂರಕ್ಕೆ ನೂರು ನಿಜ. ಎರಡು ಸಾಲು ಹಲಗೆ ಇಳಿಸಿ ಮಧ್ಯೆ ಮಣ್ಣು ಮೆಟ್ಟಬೇಕು. ಮಳೆ ನಿಂತು ಹೊಳೆ ಇಳಿದ ಕೂಡಲೇ ಆಗಬೇಕಾದ ಕೆಲಸ. ಟೆಂಡರ್, ಬಿಲ್ಲು ಅಂತ ತಡ ಮಾಡ್ತಾರೆ. ಅಷ್ಟರಲ್ಲಿ ಭರತದ (ಕಡಲ ಉಬ್ಬರದ) ಜೊತೆ ಉಪ್ಪು ನೀರು ಮೇಲೆ ಹತ್ತಿರುತ್ತೆ. ಆಮೇಲೆ ಹಲಗೆ ಹಾಕಿದರೆ ಉಪ್ಪನ್ನು ಒಳಗೇ ಕೂಡಿಹಾಕಿದ ಹಾಗೆ.

ಹಳೇ ಓವರ್ಸಿಯರ್:
ಮಾರ್ಷಲ್ ದ್ವೀಪದಲ್ಲೂ ಇದೇ ಕಥೆ. ಅಲ್ಲಿ ಹೊಳೆಯೇ ಇಲ್ಲ. ಮಳೆ ನೀರು ನೆಲಕ್ಕಿಳಿದು ಉಪ್ಪು ನೀರಿನ ಮೇಲೆ ತೆಳ್ಳಗೆ ತೇಲ್ತಾ ಇರುತ್ತೆ. ದೊಡ್ಡ ಅಲೆ ದ್ವೀಪದ ಮೇಲೆ ಹಾದರೆ ಅದೂ ಕೆಡುತ್ತೆ. ರಾಜಧಾನಿ ಮಜುರೋಗೆ ಕುಡಿಯೋ ನೀರಿನ ದೊಡ್ಡ ಪಾಲು ಎಲ್ಲಿಂದ ಗೊತ್ತಾ? ವಿಮಾನ ನಿಲ್ದಾಣದ ರನ್‌ವೇ ಮೇಲೆ ಬೀಳುವ ಮಳೆ ನೀರು. ಅದನ್ನೇ ಹಿಡಿದು, ಶುದ್ಧ ಮಾಡಿ ಕೊಡ್ತಾರೆ.

ಗೋಳಿಕಟ್ಟೆ:
ರನ್‌ವೇ ನೀರಾ! ಗಂಟುಮೂಟೆಯವರೇ, ವಿಮಾನದಿಂದ ಒಂದು ಉಪಕಾರವೂ ಇದೆ ನೋಡಿ.

ಗಂಟುಮೂಟೆ:
ಬಿಡಿ, ಸೋತೆ ಅಂತ ಮಾತ್ರ ಹೇಳಲ್ಲ.

ಬೀದರ ಬಾಗಿಲ:
ನನ್ನದೊಂದು ಬೇರೆ ತಕರಾರು ಇದೆ ರೀ. ಇಬ್ಬರು ಮಹಿಳಾ ಕಲಾವಿದರ ಸಿನಿಮಾ ಅಂತೀರಿ. ಕ್ಯಾಮೆರಾ ಹಿಡಿದವರು ಯಾರು? ಡ್ಯಾನ್ ಲಿನ್ ಮತ್ತಿತರ ಗಂಡಸರು. ಹಿಂದೆ ನಿಂತದ್ದು 350 ಡಾಟ್ ಆರ್ಗ್ ಎಂಬ ಹವಾಮಾನ ಹೋರಾಟದ ದೊಡ್ಡ ಸಂಘಟನೆ. ಪದ್ಯ ಹೆಣ್ಣುಮಕ್ಕಳದ್ದು, ಚೌಕಟ್ಟು ಯಾರದ್ದು?

ನಮ್ಮ ಬೀದರ್ ಪಕ್ಕದಲ್ಲೇ, ಗಡಿ ದಾಟಿದರೆ ಜಹೀರಾಬಾದ್. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳು, ಹೆಚ್ಚಿನವರು ದಲಿತರು, ಶಾಲೆ ಕಾಣದವರು, ತಾವೇ ಕ್ಯಾಮೆರಾ ಹಿಡಿದು ಎಷ್ಟು ವರ್ಷದಿಂದ ಸಿನಿಮಾ ಮಾಡ್ಯಾರ. ಮಳೆ ಆಧಾರದ ಬೇಸಾಯ, ಸಿರಿಧಾನ್ಯ, ಬಿಟಿ ಹತ್ತಿ, ಹವಾಮಾನ, ಎಲ್ಲಾದರ ಮೇಲೂ. ಅವರು ಶಾಟ್‌ಗಳಿಗೆ ಇಟ್ಟ ಹೆಸರು ಕೇಳಿ. ಮೇಲಿಂದ ಕೆಳಗೆ ನೋಡೋ ಶಾಟ್ ಪಟೇಲ್ ಶಾಟ್, ಯಾಕಂದ್ರ ಊರಗೌಡ ಹಂಗೇ ನೋಡೋದು. ಕೆಳಗಿಂದ ಮೇಲೆ ನೋಡೋದು ಆಳಿನ ಶಾಟ್. ಕಣ್ಣಿನ ಮಟ್ಟಕ್ಕೆ ಇಟ್ಟರೆ ಸಂಘಂ ಶಾಟ್, ಸಂಘದಾಗ ಎಲ್ಲರೂ ನೆಲದ ಮ್ಯಾಲೆ ಒಂದೇ ಮಟ್ಟಕ್ಕೆ ಕೂತಿರ್ತಾರ ನೋಡ್ರಿ. ತಮ್ಮ ಸಿನಿಮಾಕ್ಕೆ ಸಂಘಂ ಶಾಟೇ ಬೇಕು ಅಂತಾರ.

ಆ ಸಂಸ್ಥೆ ಕಟ್ಟಿದ ಪಿ. ವಿ. ಸತೀಶ್ ನಮ್ಮ ಮೈಸೂರಿನವರೇ, ಮೊದಲು ದೂರದರ್ಶನದಲ್ಲಿ ಇದ್ದವರು. 2023ರಲ್ಲಿ ತೀರಿಕೊಂಡರು. 2008ರಲ್ಲಿ ಶುರುವಾದ ಸಂಘಂ ರೇಡಿಯೋ ಕೂಡ ಆ ಹೆಣ್ಣುಮಕ್ಕಳೇ ನಡೆಸೋದು.

ಈಗ ಹೇಳ್ರಿ, 'ರೈಸ್'ನಾಗ ಡ್ರೋನ್ ಮ್ಯಾಲಿಂದ ಇಬ್ಬರು ಇರುವೆ ಥರ ಕಾಣ್ತಾರಲ್ಲ, ಅದು ಯಾವ ಶಾಟ್?

ಗೋಳಿಕಟ್ಟೆ:
ಪಟೇಲ್ ಶಾಟ್, ಅನುಮಾನವೇ ಇಲ್ಲ!

ಹಾಡುಹಕ್ಕಿ:
ಬೀದರಿನವರೇ, ಮಾಹಿತಿಗೆ ದೊಡ್ಡ ನಮಸ್ಕಾರ. ಆದರೆ ಡ್ರೋನ್ ವಿಷಯ ಒಪ್ಪಲ್ಲ. ಹಿಮ ಎಷ್ಟು ದೊಡ್ಡದು, ಮನುಷ್ಯ ಎಷ್ಟು ಸಣ್ಣ ಅಂತ ತೋರಿಸೋಕೆ ಬೇರೆ ದಾರಿ ಏನಿದೆ? ಅಲ್ಲಿ ಮೇಲಿಂದ ನೋಡ್ತಾ ಇರೋದು ಪಟೇಲ ಅಲ್ಲ, ಆಕಾಶ. ಮತ್ತೆ ಗಂಡಸರು ಕ್ಯಾಮೆರಾ ಹಿಡಿದರು ಅಂದ ಮಾತ್ರಕ್ಕೆ ಪದ್ಯ ಅವರದ್ದಾಗಲ್ಲ. ಡ್ಯಾನ್ ಲಿನ್ ಕ್ಯಾಥಿ ಜೊತೆ ರುನಿಟ್ ಬಗ್ಗೆಯೂ ಅದೇ ವರ್ಷ ಒಂದು ಚಿತ್ರ ಮಾಡಿದ್ದಾರೆ. ಜೊತೆಯಲ್ಲಿ ಕೆಲಸ ಮಾಡಿ ಪಳಗಿದವರು.

ಬೀದರ ಬಾಗಿಲ:
ಆಕಾಶ ಬಾಡಿಗೆ ಕೇಳಲ್ಲ ರೀ, ಡ್ರೋನ್ ಕೇಳ್ತದ. ರೊಕ್ಕ ಯಾರದ್ದೋ ಅವರದ್ದೇ ಕಣ್ಣು.

ಬಣ್ಣದ ಡಬ್ಬಿ:
ರೊಕ್ಕದ ಮಾತು ಬಂದಿದ್ದಕ್ಕೆ ನನ್ನ ಅನುಭವ. ಒಂದು ಸಂಸ್ಥೆಗೆ ನೀರಿನ ಜಾಗೃತಿ ಚಿತ್ರ ಮಾಡಿಕೊಟ್ಟೆವು. ನಾನು, ಇನ್ನೂ ಮೂವರು ಹುಡುಗಿಯರು. ಕೆರೆ ಏರಿ ಮೇಲೆ ಬಿಸಿಲಲ್ಲಿ ಕೂತು ಒಂದೊಂದೇ ಫ್ರೇಮಿಗೆ ಚಿತ್ರ ಬರೆದೆವು. ಸಿನಿಮಾ ಬಂದಾಗ ಕೊನೆಯಲ್ಲಿ ನಮ್ಮ ಹೆಸರಿಲ್ಲ. "ಚಿತ್ರಗಳು: ಸ್ಥಳೀಯ ಮಹಿಳೆಯರು" ಅಂತ ಹಾಕಿದ್ದರು. ಡ್ರೈವರ್ ಹೆಸರು ಇತ್ತು, ಊಟ ಕೊಟ್ಟ ಹೋಟೆಲಿನ ಹೆಸರೂ ಇತ್ತು! ಕೇಳಿದರೆ "ಎಲ್ಲರೂ ಸೇರಿ ಮಾಡಿದ್ದಲ್ವಾ, ಹೆಸರು ಯಾಕೆ" ಅಂದರು. ನಿರ್ದೇಶಕರ ಹೆಸರು ಮಾತ್ರ ಎರಡು ಸಲ.

ಹಸೆ ಚಿತ್ತಾರದವರು ಇದ್ದಾರೆ ಅಂದಿರಲ್ಲ ಅಕ್ಕ, ಅವರ ಹೆಸರು ಮೊದಲೇ ಕಾಗದದಲ್ಲಿ ಬರಲಿ. ಯಾರಿಗೆ ಎಷ್ಟು ದುಡ್ಡು, ಸಿನಿಮಾ ಆಮೇಲೆ ಯಾರ ಹತ್ತಿರ ಇರುತ್ತೆ, ಚಿತ್ತಾರವನ್ನು ಬೇರೆ ಕಡೆ ಬಳಸಬಹುದಾ ಅನ್ನೋದೂ ಬರೆದಿಡಿ. ಸ್ನೇಹದಲ್ಲಿ ಕಾಗದ ಯಾಕೆ ಅಂತ ಸುಮ್ನಿರಬೇಡಿ.

ಅಳಿವೆಬಾಗಿಲು:
ಇದು ನಮಗೆ ಹೊಳೆದೇ ಇರಲಿಲ್ಲ. ಇವತ್ತೇ ಎಲ್ಲರಿಗೂ ಕಳಿಸ್ತೀನಿ.

ತೆಂಕಲಗಾಳಿ:
ಬಣ್ಣದ ಡಬ್ಬಿಯವರ ಮಾತಿಗೆ ನನ್ನ ಓಟು. ನೀರಿನ ವಿಷಯದಲ್ಲಿ 'ಸ್ಥಳೀಯ ಮಹಿಳೆಯರು' ಅನ್ನೋದು ಪೋಸ್ಟರಿಗೆ ಬೇಕು, ಪಟ್ಟಿಗೆ ಬೇಡ.

ಬಂಗುಡೆ ಬಾಯಿ:
ಯಾರಾದರೂ ಮೀನಿನ ಬಗ್ಗೆ ಮಾತಾಡಿ. ಸಮುದ್ರ ಬಿಸಿ ಆಯ್ತು ಅಂತೀರಿ, ಬೂತಾಯಿ ಒಂದು ವರ್ಷ ರಾಶಿ, ಇನ್ನೊಂದು ವರ್ಷ ಕಣ್ಣಿಗೆ ಬೀಳಲ್ಲ. ಬುಟ್ಟಿ ಹೊತ್ತು ಮಾರೋ ಹೆಂಗಸರನ್ನು ಕೇಳಿ, ಯಾವ ವರ್ಷ ಏನು ಬಂತು ಅಂತ ದರದ ಜೊತೆ ಹೇಳ್ತಾರೆ. ಅವರು ನಿಮ್ಮ ಸಿನಿಮಾದಲ್ಲಿ ಇಲ್ವಾ?

ಫಿಸಿಕ್ಸ್ ಮೇಷ್ಟ್ರು:
ಬೂತಾಯಿ ಏರಿಳಿತ ಹಳೆಯ ಕಾಲದಿಂದಲೂ ಇದೆ. ಎಲ್ಲವೂ ಬಿಸಿಯಿಂದಲೇ ಅಂತ ಹೇಳೋಕಾಗಲ್ಲ.

ಬಂಗುಡೆ ಬಾಯಿ:
ಮೇಷ್ಟ್ರೇ, ನಿಮಗೆ ಒಂದು ಪ್ಲೇಟ್ ಕಡಿಮೆ.

ಮುಳುಗಡೆ ಮಗಳು:
ಯೋಚಿಸಿದೆ. ಉದ್ದ ಇದೆ, ಓದಿ.

ಗಂಗೊಳ್ಳಿ ಅಳಿವೆ, ಅಂದರೆ ಪಂಚಗಂಗಾವಳಿ ಅಂತ ಐದು ಹೊಳೆ ಸೇರೋ ಜಾಗದಲ್ಲಿ ಭೇಟಿ ಅಂದಿರಿ. ಅದರಲ್ಲಿ ಚಕ್ರಾ ಹೊಳೆಯೂ ಒಂದು. ಚಕ್ರಾ ಮತ್ತು ಸಾವೇಹಕ್ಲು ಜಲಾಶಯದಲ್ಲಿ ನಿಲ್ಲಿಸಿದ ನೀರು ನಿಮ್ಮ ಕಡೆಗೆ ಇಳಿಯಲ್ಲ. ಅದನ್ನು ಕಾಲುವೆಯಲ್ಲಿ ಲಿಂಗನಮಕ್ಕಿಗೆ ತಿರುಗಿಸಿದ್ದಾರೆ. ಅಲ್ಲಿ ಕರೆಂಟಾಗಿ, ಶರಾವತಿಯಲ್ಲಿ ಹರಿದು ಹೊನ್ನಾವರದಲ್ಲಿ ಕಡಲು ಸೇರುತ್ತೆ. ಅಂದರೆ ಕುಂದಾಪುರಕ್ಕೆ ಬರಬೇಕಿದ್ದ ನೀರಿನಲ್ಲಿ ಒಂದು ಪಾಲು ಹೊನ್ನಾವರಕ್ಕೆ ಹೋಗ್ತಿದೆ. ಇನ್ನೊಂದು ಹೊಳೆ ವಾರಾಹಿಯ ನೀರು ನಿಮಗೇ ಬರುತ್ತೆ. ಆದರೆ ಅದರ ಮಾಣಿ ಅಣೆಕಟ್ಟಿನಲ್ಲಿ ನಿಂತದ್ದು ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದ ಮೂಲಕವೇ ಬರಬೇಕು. 460 ಮೆಗಾವಾಟ್‌ನ ಯಂತ್ರಗಳು. ಅವು ತಿರುಗಿದರೆ ನೀರು.

ಅದಕ್ಕೇ ನಿಮ್ಮ ತಂಬಿಗೆ ನನಗೆ ಚುಚ್ಚಿದ್ದು. ಆ ನೀರು ಕೊಡೋದು ನನ್ನ ಕೈಯಲ್ಲಿ ಇಲ್ಲವೇ ಇಲ್ಲ. ನಮ್ಮೂರು ಮುಳುಗಿಸಿ ತಡೆದ ನೀರು ನಿಮ್ಮೂರಿಗೂ ಬರಲ್ಲ. ಘಟ್ಟದವಳು ಬರಿಗೈಯಲ್ಲಿ ಬರಲಿ. ಅಥವಾ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೇ ಮನೆಯ ಪಾಯ ಕಾಣುತ್ತಲ್ಲ, ಅಲ್ಲಿನ ಒಂದು ಹೆಂಚಿನ ಚೂರು ತರಲಿ. ಅದರ ಮೇಲೆ ಚಿತ್ತಾರದವರು ಕೆಮ್ಮಣ್ಣು, ಅಕ್ಕಿಹಿಟ್ಟಿನಲ್ಲಿ ಬರೆಯಲಿ. ನಮ್ಮ ಕಡೆ ಮದುವೆ ಮನೆ ಗೋಡೆಗೆ ಬರೆಯೋದನ್ನು, ಗೋಡೆಯೇ ಇಲ್ಲದ ಮನೆಯ ಹೆಂಚಿಗೆ.

ಗೋಳಿಕಟ್ಟೆ:
ಸಿನಿಮಾ ಸಿಕ್ಕಿತು ಅಕ್ಕ. ಇದಕ್ಕಿಂತ ಇನ್ನೇನು ಬೇಕು.

ಹಳೇ ಓವರ್ಸಿಯರ್:
ಚಕ್ರಾ ತಿರುವಿನ ವಿಷಯ ಸರಿಯಾಗಿ ಹೇಳಿದ್ದೀರಿ. ಕುಂದಾಪುರದಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆಯೋ ನನಗೆ ಅನುಮಾನ. ಒಂದು ಸಣ್ಣ ಸೇರ್ಪಡೆ: ಅಣೆಕಟ್ಟಿನ ಕೆಳಗೆ ಬೀಳುವ ಮಳೆ ಹೊಳೆಗೆ ಬಂದೇ ಬರುತ್ತೆ, ಪೂರ್ತಿ ಒಣಗಿದೆ ಅಂತ ತೋರಿಸಬೇಡಿ.

ಅಳಿವೆಬಾಗಿಲು:
ಮುಳುಗಡೆ ಮಗಳು, ನೀವು ಬರೆದದ್ದನ್ನು ಹೊಸನಗರದ ಗೆಳತಿಯರಿಗೆ ಓದಿ ಹೇಳಿದೆ. ಚಿತ್ತಾರದವರು ಕೂಡಲೇ ಒಪ್ಪಿದರು. ನಾಟಕದವರು ಮಾತ್ರ ಒಂದು ಪ್ರಶ್ನೆ ಎತ್ತಿದರು. ಇಬ್ಬರೂ ನೋವು ಹೇಳಿಕೊಂಡು ಕೂತರೆ ಸಿನಿಮಾ ಅಳುಮುಂಜಿ ಆಗಲ್ವಾ? 'ರೈಸ್'ನಲ್ಲಿ ಅಳು ಇಲ್ಲ, ಸಿಟ್ಟಿದೆ. ಮುಳುಗೋ ಪಟ್ಟಿಯಲ್ಲಿ ಬರೀ ತಮ್ಮ ದ್ವೀಪ ಹೇಳಲ್ಲ ಅವರು, ನ್ಯೂಯಾರ್ಕ್, ಶಾಂಘೈ, ಲಂಡನ್ ಹೆಸರನ್ನೂ ಎಳೆದು ತರ್ತಾರೆ.

ಹಾಡುಹಕ್ಕಿ:
ಜೊತೆಗೆ ಎರಡು ಕಥೆ ಇದೆ ಅಲ್ಲಿ. ಮಾರ್ಷಲ್‌ನದ್ದು ಕಲ್ಲಾದ ಅಕ್ಕ-ತಂಗಿಯರ ಕಥೆ. ಒಬ್ಬಳು ಮಾಯೆಯಿಂದ ಕಲ್ಲಾಗ್ತಾಳೆ, ಇನ್ನೊಬ್ಬಳು ಅವಳ ಪಕ್ಕ ಇರಬೇಕು ಅಂತ ತಾನೇ ಕಲ್ಲಾಗ್ತಾಳೆ. ಗ್ರೀನ್‌ಲ್ಯಾಂಡಿನದ್ದು ಕಡಲ ತಳದಲ್ಲಿ ಇರೋ ತಾಯಿ, ಸಸ್ಸುಮಾ ಅರ್ನಾ. ಜನ ಅತಿಯಾಸೆ ಮಾಡಿದರೆ ಸೀಲು, ತಿಮಿಂಗಿಲ ಎಲ್ಲ ಅವಳ ಕೂದಲಿಗೆ ಸಿಕ್ಕಿಹಾಕಿಕೊಳ್ತವೆ. ಬೇಟೆ ಸಿಗಲ್ಲ. ಯಾರಾದರೂ ಕೆಳಗಿಳಿದು ತಲೆ ಬಾಚಬೇಕು ಅನ್ನೋದು ಅಲ್ಲಿಯವರ ನಂಬಿಕೆ. ನಿಮ್ಮ ಸಿನಿಮಾಕ್ಕೂ ಇಂಥ ಒಂದೊಂದು ಕಥೆ ಬೇಕು. ಬರೀ ಮೆಗಾವಾಟ್ ಸಾಲಲ್ಲ.

ತೆಂಕಲಗಾಳಿ:
ಗಂಗಾವತರಣ ತರಬೇಡಿ, ದಮ್ಮಯ್ಯ. ಎಲ್ಲ ನೀರಿನ ಕಾರ್ಯಕ್ರಮದಲ್ಲೂ ಒಬ್ಬ ಭಗೀರಥ ಇರ್ತಾನೆ.

ಹಾಡುಹಕ್ಕಿ:
ಇದಕ್ಕೆ ಮಾತ್ರ ನಿಮ್ಮ ಜೊತೆ ನಾನೂ.

ಕಿಂಡಿಕಾವಲು:
ಕೆರೆಗೆ ಹಾರ ಕೂಡ ಬೇಡ. ನೀರಿಗೆ ಹೆಂಗಸು ಅಂದರೆ ಎಲ್ಲರಿಗೂ ಬಲಿ ಕೊಟ್ಟ ಸೊಸೆಯೇ ನೆನಪಾಗೋದು.

ಮುಳುಗಡೆ ಮಗಳು:
ನಮ್ಮಜ್ಜಿ ಹೇಳ್ತಿದ್ದದ್ದು ಇದೆ. ಮುಳುಗಡೆ ಆದಮೇಲೂ ಮನೆ ಭೂತಕ್ಕೆ ಹಿನ್ನೀರಿನ ಅಂಚಿನಲ್ಲಿ ನಿಂತು ಕಾಯಿ ಒಡೀತಿದ್ದರಂತೆ. ಭೂತ ಜಾಗ ಬಿಟ್ಟು ಬರಲ್ಲ ಅಂತ. ಪರಿಹಾರ ತಗೊಂಡು ಎದ್ದು ಬಂದದ್ದು ನಾವು ಮಾತ್ರ. ಇದು ಬೇಕಿದ್ದರೆ ತಗೊಳ್ಳಿ.

ಅಳಿವೆಬಾಗಿಲು:
ತಗೊಂಡೆ. ಅಜ್ಜಿಯ ಹೆಸರು ಸಿನಿಮಾದ ಕೊನೆಗೆ ಹಾಕಬಹುದಾ? ಬಣ್ಣದ ಡಬ್ಬಿಯವರು ಹೇಳಿದ ಮೇಲೆ ಕೇಳದೇ ಇರೋಕೆ ಆಗಲ್ಲ.

ಮುಳುಗಡೆ ಮಗಳು:
ಮನೆಯಲ್ಲಿ ಕೇಳಿ ಹೇಳ್ತೀನಿ.

ಮೈಕ್ ಟೆಸ್ಟಿಂಗ್:
ಸೌಂಡ್ ಕೆಲಸ ಮಾಡೋನು ನಾನು. ಮೇಲೆ ಯಾರೂ ಧ್ವನಿ ಬಗ್ಗೆ ಮಾತಾಡಿಲ್ಲ. ಅಳಿವೆಯಲ್ಲಿ ಗಾಳಿ ವಿಪರೀತ, ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದರೆ ಪದ್ಯದ ಒಂದು ಪದ ಕೇಳಲ್ಲ. ದೋಣಿ ಎಂಜಿನ್ ಸದ್ದು ಬೇರೆ. ಮುಂಜಾನೆ ಬೇಗ ತೆಗೀರಿ, ಮೈಕಿಗೆ ತುಪ್ಪಳದ ಮುಸುಕು ಹಾಕಿ. ಪದ್ಯವನ್ನು ಮನೆಯೊಳಗೆ ಬೇರೆಯಾಗಿಯೂ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕ್ಯಾಮೆರಾ ಮೊಬೈಲ್ ಆದರೂ ನಡೆಯುತ್ತೆ, ಧ್ವನಿ ಕೆಟ್ಟರೆ ಸಿನಿಮಾ ಹೋಯಿತು. ಮತ್ತೆ ಅಣೆಕಟ್ಟು, ವಿದ್ಯುದಾಗಾರದ ಹತ್ತಿರ ಅನುಮತಿ ಇಲ್ಲದೆ ಡ್ರೋನ್ ಹಾರಿಸಬೇಡಿ, ಕೇಸು ಬೀಳುತ್ತೆ.

ಬೀದರ ಬಾಗಿಲ:
ಡ್ರೋನ್ ಬ್ಯಾಡ ಅಂತ ನಾ ಮೊದಲೇ ಹೇಳೀನಿ!

ಅಳಿವೆಬಾಗಿಲು:
ಬಾಡಿಗೆ ಎಷ್ಟು ಅಂತ ಕೇಳಿದಾಗಲೇ ಡ್ರೋನ್ ಕೈಬಿಟ್ಟಿದ್ದೆವು ಬೀದರಿನವರೇ, ನಿಶ್ಚಿಂತೆಯಿಂದಿರಿ. ಡ್ರಾಯಿಂಗ್ ಟೀಚರ್ ಕ್ಯಾಮೆರಾ ಹಿಡೀತಾರೆ. ಕಣ್ಣಿನ ಮಟ್ಟಕ್ಕೇ.

ಚಿತ್ರೀಕರಣ ಯಾವಾಗ ಅನ್ನೋದು ಈಗಿನ ಜಗಳ. ನಮಗೆ ಬಾವಿ ಉಪ್ಪಾಗೋ ಎಪ್ರಿಲ್ ಬೇಕು. ಘಟ್ಟದವರಿಗೆ?

ಮುಳುಗಡೆ ಮಗಳು:
ಎಪ್ರಿಲ್ ಕೊನೆ, ಮೇ ಮೊದಲು ಸರಿ. ಅಡಿಕೆ ಕೆಲಸ ಮುಗಿದಿರುತ್ತೆ, ಹಿನ್ನೀರೂ ಇಳಿದಿರುತ್ತೆ. ಆದರೆ ಮದುವೆ ಸೀಸನ್, ಚಿತ್ತಾರದವರು ಕೈಗೆ ಸಿಗೋದು ಕಷ್ಟ. ಮೊದಲೇ ದಿನ ಹಿಡಿದಿಡಿ.

ಬಂಗುಡೆ ಬಾಯಿ:
ಬಾಳೆಬರೆ ಘಾಟಿ ಇಳಿದು ಬರುವವರಿಗೆ ಊಟ ನಮ್ಮಲ್ಲಿ. ಮೀನು ತಿನ್ನದವರು ಯಾರು ಅಂತ ಮಾತ್ರ ಈಗಲೇ ಹೇಳಿ.

ಮುಳುಗಡೆ ಮಗಳು:
ನಾನು ತಿಂತೀನಿ. ಮೇಷ್ಟ್ರ ಪ್ಲೇಟ್ ನನಗೇ ಕೊಡಿ.